ಬೀಗದಕ್ಕ

ನಮ್ಮ ಆಫೀಸಿನಲ್ಲಿ ಅವಳಿಗೆ ಬೀಗದಕ್ಕ ಎಂದೇ ಹೆಸರು. ನಮ್ಮಲ್ಲಿ ಕ್ರಿಪ್ಟೋ ಹಣ ಇಟ್ಟವರ ಖಾತೆಯಲ್ಲಿ ಏನಾದರೂ ಅನುಮಾನ ಕಂಡರೆ ತಕ್ಷಣ ಲಾಕ್ ಮಾಡುವುದು ಅವಳ ಕೆಲಸ. ಅವಳ ಕರೆಗಳನ್ನು ಕದ್ದು ಕೇಳಿ ಅಂಕ ಹಾಕುವುದು ನನ್ನದು. ಹಾಳು ಕೆಲಸ, ಏನು ಮಾಡುವುದು, ಹೊಟ್ಟೆಪಾಡು. ಗ್ರಾಹಕರ ಜೊತೆ ಅವಳದು ಬೆಣ್ಣೆಯಂಥ ದನಿ. ಹೆಡ್‌ಸೆಟ್ ತೆಗೆದಳೋ, ಬೆಂಕಿ. ಊಟದ ಬಿಡುವಿನಲ್ಲಿ ಹೊರಗೆ ನಿಂತು ಫೋನಿನಲ್ಲಿ ತಮ್ಮನಿಗೆ ಗದರುವಳು:

"ಫೋನಿಗೆ ಬಂದ ಕೋಡ್ ಯಾರಿಗಾದ್ರೂ ಕೊಟ್ಯೋ, ನನ್ನ ಕಣ್ಮುಂದೆ ಬರ್ಬೇಡ! ಅಂಥ ಕತ್ತೆಗಳಿಗೆ ನಾನು ಅಕ್ಕ ಅಲ್ಲ!"

ತಮ್ಮ ಬೇರೆಯವರ ಸಲೂನಿನಲ್ಲಿ ಕತ್ತರಿ ಹಿಡಿಯುತ್ತಿದ್ದ. ಸ್ವಂತದ್ದೊಂದು ತೆರೆಯಲು ಕೂಡಿಟ್ಟದ್ದನ್ನೆಲ್ಲ ನಮ್ಮಲ್ಲೇ ಹಾಕಿದ್ದ, ಅಕ್ಕ ಇದ್ದಾಳೆಂಬ ಧೈರ್ಯದಿಂದ.

ಒಂದು ಬೆಳಿಗ್ಗೆ ನಮ್ಮ ಗ್ರಾಹಕರ ಹೆಸರು, ಫೋನ್ ನಂಬರುಗಳೆಲ್ಲ ಕಳ್ಳರ ಕೈಸೇರಿದ್ದು ಗೊತ್ತಾಯಿತು. ಪಾಸ್‌ವರ್ಡ್ ಸೋರಿಲ್ಲವೆಂದು ಮ್ಯಾನೇಜರ್ ಮೀಸೆ ತಿರುವಿದ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕಳ್ಳರು ಆಗಲೇ ನಮ್ಮ ಹೆಸರು ಹೇಳಿಕೊಂಡು ಜನರಿಗೆ ಫೋನ್ ಮಾಡಿ ಕೋಡ್ ಕೇಳತೊಡಗಿದ್ದರು. ಬೀಗದಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ವೈರು ಬಿಟ್ಟಷ್ಟು ದೂರ ನಡೆಯುವಳು, ತಿರುಗುವಳು, ಮತ್ತೆ ನಡೆಯುವಳು.

"ಕೊಟ್ಟಿದ್ರೂ ಪರ್ವಾಗಿಲ್ಲ ಸರ್. ಈಗ್ಲೇ ಹೇಳಿದ್ರಲ್ಲ, ಲಾಕ್ ಮಾಡ್ತೀನಿ," ಎಂದು ಒಬ್ಬೊಬ್ಬರನ್ನೂ ಸಮಾಧಾನ ಮಾಡುವಳು.

"ನಿನ್ನ ತಮ್ಮ?" ಎಂದು ಕೇಳಿದೆ.

"ಅವನ ಚಿಂತೆ ಇಲ್ಲ. ಗದರಿಸಿಟ್ಟಿದೀನಿ."

ಮಧ್ಯಾಹ್ನ ಒಂದು ಕರೆ ಬಂತು. ಪರದೆಯ ಮೇಲೆ ತೆರೆದದ್ದು ಅದೇ ತಮ್ಮನ ಖಾತೆ. ನಾನೂ ಕಿವಿಗೊಟ್ಟೆ.

"ಮೇಡಂ, ಬೆಳಿಗ್ಗೆ ನಿಮ್ಮ ಆಫೀಸಿಂದ ಅಂತ ಯಾರೋ ಫೋನ್ ಮಾಡಿದ್ರು. ಕೋಡ್ ಹೇಳ್ಬಿಟ್ಟೆ."

ಗ್ರಾಹಕರಿಗೆಂದೇ ಇಟ್ಟ ಅವಳ ಆ ಮೆತ್ತನೆಯ ದನಿಯನ್ನು ಅವನು ಮನೆಯಲ್ಲಿ ಯಾವತ್ತೂ ಕೇಳಿದವನಲ್ಲ. ಅಕ್ಕನೆಂದು ಗುರುತೇ ಹತ್ತಲಿಲ್ಲ.

ಅವಳು ಲಾಕ್ ಒತ್ತಿದಳು. ಒಳಗೆ ಬಿಡಿಗಾಸೂ ಇರಲಿಲ್ಲ. ಬೆಳಿಗ್ಗೆಯೇ ಒಳಹೊಕ್ಕಿದ್ದ ಕಳ್ಳರು ಸ್ವಲ್ಪ ಹೊತ್ತಿನ ಹಿಂದಷ್ಟೇ ಎಲ್ಲ ಸಾಗಿಸಿದ್ದರು.

"ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ಸರ್?"

"ನಮ್ಮಕ್ಕ ಅಲ್ಲೇ ಕೆಲಸ ಮಾಡೋದು. ಗೊತ್ತಾದ್ರೆ ಕೊಂದೇಬಿಡ್ತಾಳೆ ಅಂತ ಸುಮ್ನಿದ್ದೆ. ನಿಮ್ಮ ದಮ್ಮಯ್ಯ ಮೇಡಂ, ಅವಳಿಗೆ ಮಾತ್ರ ಹೇಳ್ಬೇಡಿ."

ಅವಳು ಮೇಜು ಹಿಡಿದು ನಿಂತಳು.

"ಹೇಳಲ್ಲ ಸರ್," ಎಂದಳು.