ಸುಗುಣಾ ಟೀಚರ್ ತಟ್ಟಿದ ರೊಟ್ಟಿ

ನಾಸಿಕ್ ರೋಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನೋಟು ಅಚ್ಚು ಹಾಕುವ ಪ್ರೆಸ್ಸಿನ ಮೊದಲ ಪಾಳಿಯ ಸೈಕಲ್ಲುಗಳು ಸಾಲುಗಟ್ಟಿ ಹೊರಟಿವೆ. ಸ್ಟೇಷನ್ನಿನ ಹಿಂದಿರುವ ಕನ್ನಡ ಶಾಲೆಯ ಅಂಗಳದಲ್ಲಿ ಚನ್ನಮ್ಮಬಾಯಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದಾರೆ. ಪಕ್ಕದಲ್ಲಿ ಹಂಚು, ಡಬ್ಬಿಯ ತುಂಬ ಜೋಳದ ಹಿಟ್ಟು. ಕಟ್ಟಿಗೆ ಹಸಿ, ಹೊಗೆಯೇ ಹೊಗೆ. ಅವರು ಒಳಗೆ ಹೋಗಿ ಒಣಗಿದ ಬೆತ್ತವೊಂದನ್ನು ತಂದು, ಮೊಣಕಾಲಿಗೆ ಕೊಟ್ಟು ಮುರಿದು, ಒಲೆಗೆ ತುರುಕುತ್ತಾರೆ. ಬೆಂಕಿ ಹತ್ತಿಕೊಳ್ಳುತ್ತದೆ.

ಹಾಲಿನ ಭುಜಂಗ ಸೈಕಲ್ ನಿಲ್ಲಿಸುತ್ತಾನೆ. "ಏನ್ರಿ ಬಾಯಿ, ಸಾಲ್ಯಾಗ ಲಗ್ನ ಇಟ್ಕೊಂಡೀರೇನು?"

"ಲಗ್ನ ಅಲ್ಲಪಾ. ಹೊಸ ಟೀಚರ್ ಬಂದಾಳ, ಆಕಿನ್ನ ಉಳಿಸ್ಕೋಬೇಕಾಗ್ಯಾದ."

ಚನ್ನಮ್ಮಬಾಯಿ ಬೀದರಿನವರು. ಬೀದರೂ ಔರಂಗಾಬಾದೂ ನಿಜಾಮನ ಒಂದೇ ಸಂಸ್ಥಾನದಲ್ಲಿದ್ದ ಕಾಲಕ್ಕೆ ಔರಂಗಾಬಾದಿನಲ್ಲಿ ಟ್ರೇನಿಂಗ್ ಮುಗಿಸಿದವರು. ಬರುವ ಬೇಸಿಗೆಗೆ ನಿವೃತ್ತಿ. ತಗಡಿನ ಸೂರಿನ ಕೆಳಗೆ ನಾಲ್ಕನೆಯ, ಐದನೆಯ ಇಯತ್ತೆಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಶಿಕ್ಷಣ ಖಾತೆಯ ಸಾಹೇಬರ ಕಚೇರಿಯ ಗೇಟಿಗೆ ವರ್ಷವರ್ಷವೂ ಬಣ್ಣ ಬಳಿಯುವವರಿಗೆ ಈ ಎರಡು ತರಗತಿಗಳ ನಡುವೆ ಒಂದು ಗೋಡೆ ಎಬ್ಬಿಸುವ ಯೋಗ್ಯತೆ ಇಂದಿಗೂ ಬಂದಿಲ್ಲ. ಎರಡನೆಯ ಟೀಚರ್ ಇಲ್ಲದಿದ್ದರೆ ಐದನೆಯದನ್ನು ಮುಚ್ಚಿ ಎಂದು ಬರೆದು ಕಳಿಸಲು ಮಾತ್ರ ಅವರ ಕೈ ಚುರುಕು. ಮುಚ್ಚಿದರೆ ಗಂಡುಹುಡುಗರು ಹಳಿ ದಾಟಿ ಮರಾಠಿ ಶಾಲೆಗೆ ಹೋದಾರು. ಹುಡುಗಿಯರ ಪಾಲಿಗೆ ಕಟ್ಟಡದ ಕೆಲಸದ ಇಟ್ಟಿಗೆಯ ಬುಟ್ಟಿ ಕಾದಿದೆ.

ಹೊಸ ಟೀಚರ್ ಸುಗುಣಾ ಮಂಗಳೂರು ಕಡೆಯವಳು, ಸೋಮವಾರ ಐದನೆಯ ಇಯತ್ತೆಯ ಕೆಲಸಕ್ಕೆ ಸೇರಿದಳು. ಮೊದಲ ಗಳಿಗೆಯಲ್ಲೇ ಸೀಮೆಸುಣ್ಣ ಮುರಿದು ಬಿತ್ತು, ಹುಡುಗರು ನಕ್ಕರು, ಇವಳು ಬೆತ್ತದಿಂದ ಮೇಜು ಕುಟ್ಟಿದಳು. ಮಂಗಳವಾರ ಮರಾಠಿಯಲ್ಲಿ ಉತ್ತರ ಕೊಟ್ಟವರನ್ನೆಲ್ಲ ನಿಲ್ಲಿಸಿದಳು. ಬುಧವಾರ ಅರ್ಧ ಚಾಪೆ ಖಾಲಿ. ಸ್ಟೇಷನ್ ಎದುರು ಹೋಟೆಲ್ ನಡೆಸುವ ಅವಳ ಅಣ್ಣ ಉಮಾನಾಥ ಅಂದನಂತೆ: "ಆಗದಿದ್ರೆ ಬಿಡು ಮಾರಾಯ್ತಿ, ನಮ್ಮ ಗಲ್ಲಾದಲ್ಲಿ ಕೂತ್ಕೊ." ಇಂದು ಶಾಲೆ ಬಿಡುವ ಹೊತ್ತಿಗೆ ಅವನು ಕರೆದೊಯ್ಯಲು ಬರುತ್ತಾನೆ.

ನಿನ್ನೆ ಅವಳು ಕಣ್ಣೊರೆಸಿಕೊಂಡು ಹೇಳಿದ್ದು ಚನ್ನಮ್ಮಬಾಯಿಯ ಕಿವಿಯಲ್ಲಿ ಇನ್ನೂ ಇದೆ. "ಇವರ ಎದುರು ನಿಲ್ಲಲಿಕ್ಕೆ ನನಗೆ ಆಗುದಿಲ್ಲ. ನಗಾಡ್ತಾರೆ."

"ನಗಲಿ ಬಿಡು ತಂಗಿ. ಹೊಸಬರು ಬಂದ್ರ ಹುಡುಗರು ಏನಾರ ಒಂದು ಹುಡುಕಿ ನಗೋರೇ. ಅವರು ಹುಡುಕೋಕಿಂತ ಮೊದ್ಲು ನೀನೇ ಒಂದು ಕೊಡು. ನಿನಗ ಬರಲಾರದ್ದು, ಅವರಿಗಿ ಬರೋದು. ಕಲಸ್ರಿ ಅನ್ನು. ನಿನಗಿಂತ ಮೊದ್ಲು ಕೃಷ್ಣರಾಜ ಮಾಸ್ತರ್ ಹೊಸದಾಗಿ ಬಂದಾಗ ಅವರ ಕೈಯಾಗ ಬುಗುರಿ ಕೊಟ್ಟಿದ್ದೆ. ಅದು ತಿರುಗೋದು ಬಿಟ್ಟು ಅವರ ಕಾಲಮ್ಯಾಲೇ ಬೀಳ್ತಿತ್ತು. ಈಗ ಮಾಲೇಗಾಂವದಾಗ ಹೆಡ್‌ಮಾಸ್ತರ್ ಆಗ್ಯಾರ."

ಉಳಿದದ್ದನ್ನು ಚಹಾ ಕುಡಿಯುತ್ತಲೇ ಹೇಳಿ ಮುಗಿಸಿದ್ದರು. "ಮಕ್ಕಳಿಗಿ ಬೆನ್ನು ಕೊಟ್ಟು ಬರೀಬ್ಯಾಡ, ವಾರ್ಯಾಗಿ ನಿಲ್ಲು. ಗದ್ದಲ ಆದ್ರ ದನಿ ಏರಿಸಬ್ಯಾಡ, ಇಳಸು. ಕೇಳ್ಲಾಕಂತ ತಾವೇ ಸುಮ್ಮಾಗ್ತಾವ. ಮರಾಠಿದಾಗ ಅಂದ್ರೂ ಉತ್ತರ ಉತ್ತರಾನೇ. ಅದನ್ನೇ ನೀ ಕನ್ನಡದಾಗ ತಿರುಗಿ ಅನ್ನು, ಸಾಕು. ತೂಕಡಿಸೋ ಹುಡುಗಿಗಿ ಬೈಯೋಕಿಂತ ಮೊದ್ಲು ಎಷ್ಟೊತ್ತಿಗಿ ಎದ್ದಾಳ ಕೇಳು."

"ನನಗೆ ಬಾರದ್ದು ಅಂದ್ರೆ ಯಾವುದು?"

"ಜೋಳದ ರೊಟ್ಟಿ ತಟ್ಲಾಕ ಬರ್ತದೇನು?"

"ನಮ್ಮಲ್ಲಿ ಅಕ್ಕಿಯದ್ದು ಮಾತ್ರ. ಜೋಳ ನಾನು ಮುಟ್ಟಿಯೂ ನೋಡ್ಲಿಲ್ಲ."

"ಮುಗೀತಲ್ಲ ಮತ್ತ."

ಇಂದಿನ ಪ್ರಾರ್ಥನೆ ಮುಗಿದಿದೆ. ಬಂದಷ್ಟು ಮಕ್ಕಳು ಒಲೆಯ ಸುತ್ತ ನೆರೆದಿದ್ದಾರೆ. ಸುಗುಣಾ ಸೆರಗು ಸಿಕ್ಕಿಸಿ ಹಿಟ್ಟಿಗೆ ಕೈ ಹಾಕುತ್ತಾಳೆ. ತಟ್ಟಿದ ರೊಟ್ಟಿ ಅಂಚಿನಿಂದ ನಡುವಿನ ತನಕ ಸೀಳುತ್ತದೆ. ಎರಡನೆಯದು ಎತ್ತುವಾಗಲೇ ಮುರಿದು ಬೀಳುತ್ತದೆ. ನಗೆ ಸಿಡಿಯುತ್ತದೆ. ಅವಳ ಕಿವಿ ಕೆಂಪೇರುತ್ತದೆ, ಕಣ್ಣು ಸುತ್ತ ಏನನ್ನೋ ಹುಡುಕುತ್ತದೆ.

"ನನ್ನ ಬೆತ್ತ ಎಲ್ಲಿ?"

"ಹಂಚಿನ ಕೆಳಗ ಅದ," ಅನ್ನುತ್ತಾರೆ ಚನ್ನಮ್ಮಬಾಯಿ. "ಚಲೋ ಉರೀಲತ್ತದ."

ಸುಗುಣಾ ಒಲೆ ನೋಡುತ್ತಾಳೆ, ಕೈಯ ಹಿಟ್ಟು ನೋಡುತ್ತಾಳೆ. ಚನ್ನಮ್ಮಬಾಯಿ ಬಗ್ಗಿ ಒಲೆಯ ಕಟ್ಟಿಗೆ ಸರಿಸುತ್ತಾರೆ. ಈಗ ಎದ್ದು ಹೋದಳೆಂದರೆ ಐದನೆಯ ಇಯತ್ತೆಯೂ ಅವಳ ಹಿಂದೆಯೇ ಹೋಯಿತು. ಸುಗುಣಾಳ ತುಟಿ ಅದುರುತ್ತದೆ. ಅಳು ಬರುವುದೆಂದು ಕಾದವರಿಗೆ ನಗು ಕಾಣಿಸುತ್ತದೆ.

"ನನಗೆ ಬರುದಿಲ್ಲ ಮಾರಾಯ್ರೆ. ಯಾರು ಕಲಿಸ್ತೀರಿ?"

ಗುಂಪು ಸೀಳಿ ಬಂದವಳು ಗಾರೆ ಕೆಲಸದ ಗೌಂಡಿಯ ಮಗಳು ಅನಸೂಯ. ಮಂಗಳವಾರ ಮರಾಠಿಯಲ್ಲಿ ಉತ್ತರಿಸಿ ನಿಂತವಳು, ಅಂದಿನಿಂದ ತುಟಿ ಬಿಚ್ಚಿಲ್ಲ. "ಸರೀರಿ ಟೀಚರ್, ಹಿಟ್ಟು ನಾದೇ ಇಲ್ಲ ನೀವು. ಬಿಸಿನೀರು ಹಾಕ್ರಿ. ಒತ್ತಬ್ಯಾಡ್ರಿ, ತಿರುಗಿಸ್ರಿ. ಹಳೂ ಹಳೂ."

"ಮೆಲ್ಲ ಮೆಲ್ಲ ತಟ್ಟಬೇಕು, ಅಲ್ವಾ?"

"ಹಾಂ, ಮೆಲ್ಲ. ಎಷ್ಟು ರಾಡಿ ಮಾಡ್ತೀರಿ. ನಾ ಬೆಳಿಗ್ಗಿ ಎದ್ದು ಎಲ್ಲರದೂ ತಟ್ಟೇ ಬಂದೀನಿ."

ಕೊನೆಗೊಂದು ರೊಟ್ಟಿ ಬೇಯುತ್ತದೆ. ಅದಕ್ಕೊಂದು ಕಡೆ ಬಾಲ, ಇನ್ನೊಂದು ಕಡೆ ಕಚ್ಚು. ಸುಗುಣಾ ಅದನ್ನು ಎತ್ತಿ ಹಿಡಿಯುತ್ತಾಳೆ. "ಇದು ಯಾವ ಜಿಲ್ಲೆಯ ನಕ್ಷೆ ಹೇಳಿ?" ನಾಸಿಕ್ ಎಂದು ಒಬ್ಬ, ಬೀದರ್ ಎಂದು ಮತ್ತೊಬ್ಬ. ಅವಳು ಇದ್ದಿಲು ತೆಗೆದು ನೆಲದ ಮೇಲೆ ನಾಸಿಕ್ ಜಿಲ್ಲೆ ಬರೆಯುತ್ತಾಳೆ, ವಾರೆಯಾಗಿ ಕೂತು, ಮಕ್ಕಳ ಕಡೆ ಮುಖ ಮಾಡಿ. ಮಾಲೇಗಾಂವ್ ಎಲ್ಲಿ, ಯೇವಲಾ ಎಲ್ಲಿ ಎಂದು ಕೇಳುವಾಗ ದನಿ ಇಳಿದಿದೆ. ಮಕ್ಕಳು ಬಗ್ಗಿ ಬಗ್ಗಿ ಕೇಳುತ್ತಾರೆ. ರೊಟ್ಟಿಯನ್ನು ನಕ್ಷೆ ಮಾಡೆಂದು ಚನ್ನಮ್ಮಬಾಯಿ ಹೇಳಿಕೊಟ್ಟಿರಲಿಲ್ಲ. ಅವರು ಸದ್ದಿಲ್ಲದೆ ತಮ್ಮ ನಾಲ್ಕನೆಯದಕ್ಕೆ ಹೋಗುತ್ತಾರೆ.

ಗಂಟೆ ಹೊಡೆದಾಗ ಉಮಾನಾಥ ಗೇಟಿನಲ್ಲಿದ್ದಾನೆ. ತಂಗಿಯ ಮೊಣಕೈತನಕ ಹಿಟ್ಟು, ಹಣೆಯ ಮೇಲೆ ಮಸಿ. "ಇದೆಂಥ ಅವಸ್ಥೆ ಸುಗುಣಾ? ಹೊರಡುವಾ?"

"ನೀನು ಹೋಗಣ್ಣ. ನಾಳೆಗೆ ನಕ್ಷೆಯ ಉಳಿದ ಭಾಗ ಉಂಟು."

ಉಮಾನಾಥ ಚನ್ನಮ್ಮಬಾಯಿಯ ಮುಖ ನೋಡುತ್ತಾನೆ. ಅವರು ಬಾಲವಿರುವ ರೊಟ್ಟಿಯನ್ನು ಅವನ ಕೈಗಿಡುತ್ತಾರೆ.

"ತಿಂದು ನೋಡ್ರಿ ಶೆಟ್ಟರ. ಹಿಂಗ ರೊಟ್ಟಿ ಮಾಡೋಕಿನ್ನ ಹೋಟೆಲಿಗಿ ಒಯ್ದು ಏನ್ ಮಾಡ್ತೀರಿ? ನಮ್ಮ ಸಾಲ್ಯಾಗೇ ಇರ್ಲಿ."