ಹಾಕಿದ ಟೈಲು ಕೀಳುವ ಕಾಳಮ್ಮ

ಬೆಳಗಿನ ಆರೂಕಾಲು. ಚೆಟ್ಟಳ್ಳಿಯ ರಸ್ತೆಯಲ್ಲಿ ಕಾಫಿ ಪಿಕಿಂಗ್‌ಗೆ ಹೋಗುವವರ ಜೀಪುಗಳು ಲೈಟು ಹಾಕಿಕೊಂಡೇ ಓಡುತ್ತಿವೆ. ಮೊಣ್ಣಪ್ಪನವರ ಹೊಸ ಮನೆಯಲ್ಲಿ ಕಾಳಮ್ಮ ಮಂಡಿಯೂರಿ ಕೂತು, ನಿನ್ನೆ ಸಂಜೆ ತಾವೇ ಹಾಕಿದ ಟೈಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಸುತ್ತಲಿನ ಸಾದಾ ಟೈಲುಗಳನ್ನು ಒಡೆದು ಮೊದಲೇ ದಾರಿ ಮಾಡಿಕೊಂಡಿದ್ದಾರೆ. ಬೈಕಿನ ಕ್ಲಚ್ ಕೇಬಲ್ಲಿನಿಂದ ಬಿಡಿಸಿದ ಒಂದೆಳೆ ತಂತಿಯನ್ನು ಟೈಲಿನ ಅಡಿಗೆ ತೂರಿಸಿ, ಆಚೆ ತುದಿಯನ್ನು ಗಂಡ ಸಿದ್ದರಾಜು ಕೈಗೆ ಕೊಟ್ಟು, ಇಬ್ಬರೂ ಗರಗಸದ ಹಾಗೆ ಎಳೆಯುತ್ತಾರೆ.

"ಈಗ ಮಾತಾಡಿಸ್ಬೇಡಿ. ಕೈ ಚೂರು ಅಲ್ಲಾಡಿದ್ರೂ ಹೋಯ್ತದೆ" ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪುಸ್ತಕ ಮಡಚಿಕೊಂಡು ಬಾಗಿಲ ಬಳಿ ನಿಲ್ಲುತ್ತೇನೆ.

ಹದಿನಾರು ಟೈಲು ಸೇರಿದರೆ ಒಂದು ತೂಗುದೀಪ. ಹಳದಿ ಜ್ವಾಲೆ, ಹಸಿರು ಸರಪಳಿ, ಸುತ್ತ ಕೆಂಪು ಬಳ್ಳಿ. ಕೈಯಿಂದ ಬಣ್ಣ ತುಂಬಿದ್ದು, ತಮಿಳುನಾಡಿನಿಂದ ಎರಡು ತಿಂಗಳು ಕಾದು ತರಿಸಿದ್ದು. ಹೆಚ್ಚುವರಿ ಒಂದೂ ಇಲ್ಲ. ನಡುಮನೆಯ ನಟ್ಟನಡುವೆ ಅದನ್ನು ಕಂಡು ನಿನ್ನೆ ಎಲ್ಲರೂ ಭೇಷ್ ಅಂದರಂತೆ, ಮೊಣ್ಣಪ್ಪನವರ ತಾಯಿ ಬೊಳ್ಳಮ್ಮ ಒಬ್ಬರನ್ನು ಬಿಟ್ಟು. ಎಂಬತ್ತೊಂದರ ಆ ಅಜ್ಜಿ ಗೋಡೆ ಹಿಡಿದುಕೊಂಡು ಬದಿಬದಿಯಲ್ಲೇ ಸುತ್ತಿ ಅಡುಗೆಮನೆಗೆ ಹೋದರು.

"ದೀಪ ಮೆಟ್ಟಿಕೊಂಡು ಹೋಗುದಾ ಮಾರಾಯ್ತಿ? ನಂಗೆ ಆಗುದಿಲ್ಲ" ಅಂದರು, ಅಷ್ಟೇ.

ಗೃಹಪ್ರವೇಶ ಭಾನುವಾರ, ಇವತ್ತು ಬುಧವಾರ. "ಮೇಲೊಂದು ಕಾರ್ಪೆಟ್ ಹಾಸುವ, ಬಿಡಿ" ಎಂದರು ಮೊಣ್ಣಪ್ಪ. ಕಾಳಮ್ಮ ಒಪ್ಪಲಿಲ್ಲ, ಕಿತ್ತು ಗೋಡೆಗೆ ಹಾಕುತ್ತೇನೆ ಎಂದರು.

"ಡಿಸೈನು ಮೊಣ್ಣಪ್ಪನೋರೇ ಆರ್ಸಿದ್ದು, ಸರಿ. ಆದ್ರೆ ನಾನೂ ದಿನಾ ದೀಪ ಹಚ್ಚೋಳೇ ಅಲ್ವಾ? ಅಂದ ನೋಡ್ಕಂಡು ಕೂತ್ಬುಟ್ಟೆ, ಅದ್ರ ಮೇಲೆ ಕಾಲು ಬೀಳ್ತದೆ ಅನ್ನೋದು ತಲೆಗೇ ಬರ್ಲಿಲ್ಲ. ಅಜ್ಜಿ ತನ್ನ ಮನೇಲೇ ಗೋಡೆ ಹಿಡ್ಕಂಡು ಓಡಾಡ್ಬೇಕಾ?"

ಕಾಳಮ್ಮನವರದು ಕುಶಾಲನಗರದ ಹತ್ತಿರದ ಹಳ್ಳಿ. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದ ಬೇಸಾಯದ ಮನೆತನ. ಇಪ್ಪತ್ತೆರಡಕ್ಕೆ ಮರಳು ಹೊರಲು ಸೇರಿದವರು ಹನ್ನೊಂದು ವರ್ಷ ತಲೆಯ ಮೇಲೆ ಬಾಣಲೆ ಹೊತ್ತರು, ಕಣ್ಣು ಮಾತ್ರ ಮೇಸ್ತ್ರಿಯ ಕೈಮೇಲಿತ್ತು. ಮೇಸ್ತ್ರಿ ಎಂದರೆ ಸಿದ್ದರಾಜುವೇ. ಗೋಣಿಕೊಪ್ಪಲಿನಲ್ಲಿ ಒಂದು ಬಚ್ಚಲುಮನೆ ಅರ್ಧ ಆಗಿರುವಾಗ ಅವರ ಮಂಡಿ ಕೈಕೊಟ್ಟಿತು, ಗಾರೆ ಮೆತ್ತುವ ಕರಣೆ ಕಾಳಮ್ಮನ ಕೈಗೆ ಬಂತು. ಈಗ ದಿನಕ್ಕೆ ನೂರಿಪ್ಪತ್ತು ಚದರಡಿ ನೆಲ, ಚಿತ್ತಾರದ ಗೋಡೆಯಾದರೆ ನಲವತ್ತು. ಆದರೂ ಬಂದವರೆಲ್ಲ ಅಳತೆ ಕೇಳುವುದು ಸಿದ್ದರಾಜುವನ್ನೇ.

"ನಾನು ಗಾರೆ ಕಲಸೋನು ಕಣ್ರೀ. ಮೇಸ್ತ್ರಿ ಅಗೋ, ಅಲ್ಲಿ ಕೂತವ್ಳೆ" ಎಂದು ಅವರು ನಗುತ್ತಾರೆ.

ಪೂರ್ತಿ ಮನೆಯೊಂದನ್ನು ಕಾಳಮ್ಮನ ಹೆಸರಿಗೇ ಒಪ್ಪಿಸಿರುವುದು ಇದೇ ಮೊದಲು. ಹೆಂಗಸಿನ ಕೈಗೆ ಕೊಟ್ಟರೆ ಹೀಗೇ ಎನ್ನಲು ಊರಿನಲ್ಲಿ ಬಾಯಿಗಳಿಗೇನೂ ಬರವಿಲ್ಲ. ಒಂದು ಟೈಲು ಮುರಿದರೆ ದೀಪವೂ ಹೋಯಿತು, ಹೆಸರೂ ಹೋಯಿತು. ಚಳಿಗೆ ಗಾರೆ ಇನ್ನೂ ಹಸಿಯಾಗಿದೆ, ಬಿಸಿಲೇರಿದರೆ ಬಿಗಿಯುತ್ತದೆ. ಕಾಳಮ್ಮ ಮುಂದಿನ ಟೈಲಿನ ಅಡಿಗೆ ತಂತಿ ತೂರಿಸುತ್ತಾರೆ.

ಹದಿನೈದು ಬರುತ್ತವೆ. ಹದಿನಾರನೆಯದರ ಮೂಲೆ ಟಕ್ ಎನ್ನುತ್ತದೆ. ಬಟಾಣಿಯಷ್ಟು ಚೂರು. ಬಣ್ಣ ಕಲಸಿ ಮುಚ್ಚಿಬಿಡೋಣ, ಯಾರಿಗೂ ಗೊತ್ತಾಗದು ಎನ್ನುತ್ತಾರೆ ಸಿದ್ದರಾಜು. ಕಾಳಮ್ಮ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೆಟ್ಟಗೆ ಮೊಣ್ಣಪ್ಪನವರ ಬಳಿಗೆ ಹೋಗುತ್ತಾರೆ.

"ನನ್ ಕೈಯಿಂದ ಆಗಿದ್ದು ಸಾರ್. ಅಂಟಿಸ್ತೀನಿ, ಆದ್ರೆ ಗೆರೆ ಕಾಣ್ತದೆ."

ಮೊಣ್ಣಪ್ಪ ಚೂರನ್ನೂ ಅವರ ಮುಖವನ್ನೂ ನೋಡುತ್ತಾರೆ. "ಕಾಣ್ಲಿ ಬಿಡಿ" ಎನ್ನುತ್ತಾರೆ.

ಶನಿವಾರ ಮತ್ತೆ ಹೋಗುತ್ತೇನೆ. ದೀಪ ಈಗ ಎದುರು ಗೋಡೆಯಲ್ಲಿ ಎದೆಮಟ್ಟಕ್ಕಿದೆ, ನೆಲದ ನಡುವೆ ಸಾದಾ ಕೆಂಪು ಟೈಲುಗಳಿವೆ. ಬೊಳ್ಳಮ್ಮ ಏನನ್ನೂ ಹಿಡಿಯದೆ ನಡುಮನೆಯ ನಡುವೆಯೇ ನಡೆದುಬಂದು, ದೀಪದ ಮುಂದೆ ನಿಂತು ಕೈಮುಗಿಯುತ್ತಾರೆ. ಅದನ್ನು ನೋಡಿ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಮನೆ ನೋಡಲು ಬಂದ ನೆಂಟರೊಬ್ಬರು ಕಾಳಮ್ಮನ ಕಡೆ ತಿರುಗಿ, "ನಿಮ್ಮ ಯಜಮಾನ್ರ ಕೆಲಸ ಭಾರಿ ಚೆಂದ ಉಂಟು" ಎನ್ನುತ್ತಾರೆ.

ಕಾಳಮ್ಮ ನನ್ನ ಪುಸ್ತಕದ ಕಡೆ ಕೈ ತೋರಿಸುತ್ತಾರೆ. "ನೀವಾದ್ರೂ ಸರ್ಯಾಗಿ ಬರ್ಕಳಿ. ತಪ್ಪು ಜಾಗಕ್ಕೆ ಹಾಕಿದ್ದೂ ನಾನೇ, ಕಿತ್ತಿದ್ದೂ ನಾನೇ."