ಖಂಡೆಪ್ಪನ ಸಾಕ್ಷಿ

ಮಹಾರಾಷ್ಟ್ರದ ಗಡಿಯಲ್ಲಿರುವ ತುರೋರಿ ಸುತ್ತಲಿನ ಹಳ್ಳಿಗಳ ಜನ ಖಂಡೆಪ್ಪನನ್ನು ಮೊದಲು ಗುರುತಿಸಿದ್ದು ಅವನ ದನಿಯಿಂದ. ಕುರಿ ಸಾಕುವ ಮನೆತನದವನು. ತಾಲೂಕಿನ ಊರು ಉಮರಗಾದ ಮುಖಂಡರು ಪ್ರಚಾರಕ್ಕೆ ಬಂದಾಗ ಅವರ ಮರಾಠಿ ಭಾಷಣವನ್ನು ಮುದುಕಿಯರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳುತ್ತಿದ್ದ. ವರ್ಷಗಟ್ಟಲೆ ಬೇರೆಯವರ ಮಾತು ಹೇಳಿ, ೨೦೧೨ರಲ್ಲಿ ತಾಲೂಕಿನ ಪಂಚಾಯತ್ ಸಮಿತಿಗೆ ತಾನೇ ನಿಂತ.

ಎದುರು ಪಕ್ಷ ಉಮಾಕಾಂತನದು. ತಾಲೂಕಿನಲ್ಲಿ ಅವನ ಮಾತು ಮೀರುವವರಿರಲಿಲ್ಲ. ಮತದಾನದ ದಿನ ಶಾಲೆಯ ಗೇಟಿನ ಬಳಿ ಜಗಳವೆದ್ದಿತು. ಉಮಾಕಾಂತನ ತಮ್ಮನ ಮಗ ಧನರಾಜ, ಖಂಡೆಪ್ಪನ ತಮ್ಮ ಜ್ಞಾನೇಶ್ವರನ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆದ. ಆಸ್ಪತ್ರೆ ಮುಟ್ಟುವ ಮೊದಲೇ, ಅಣ್ಣನ ತೊಡೆಯ ಮೇಲೆ ಜ್ಞಾನೇಶ್ವರ ತೀರಿಕೊಂಡ. ಖಂಡೆಪ್ಪ ಗೆದ್ದ. ಗೆಲುವಿನ ಗುಲಾಲು ಯಾರೂ ಹಾರಿಸಲಿಲ್ಲ.

ಕೇಸು ಎಳೆಯುತ್ತ ಹೋಯಿತು. ಧನರಾಜ ಜಾಮೀನಿನ ಮೇಲೆ ಹೊರಬಂದ. ಹೊಡೆದದ್ದನ್ನು ಹತ್ತಿರದಿಂದ ಕಂಡವನು ಖಂಡೆಪ್ಪನೊಬ್ಬನೇ. ೨೦೧೭ರಲ್ಲಿ ಅವನು ಮತ್ತೆ ಗೆದ್ದ. ಆ ಸಲ ಉಮಾಕಾಂತನ ಪಕ್ಷಕ್ಕೆ ಬಹುಮತಕ್ಕೆ ಒಬ್ಬ ಸದಸ್ಯ ಕಡಿಮೆ ಬಿದ್ದ.

ಉಮಾಕಾಂತ ಕರೆಸಿಕೊಂಡು ಚಹಾ ಕೊಟ್ಟ. "ಖಂಡೆಪ್ಪಾ, ಸತ್ತಂವಾ ತಿರುಗಿ ಬರಲ್ಲ. ನಿಮ್ಮ ಮಂದಿಗಿ ಇನ್ನಾತನಕ ಖುರ್ಚಿ ಸಿಕ್ಕಿಲ್ಲ. ನಮ್ಮ ಕಡಿ ಬಾ, ಸಮಿತಿ ಸಭಾಪತಿ ನೀನೇ, ಪಕ್ಕಾ. ನಮ್ಮ ಹುಡುಗನ್ನ ಅಷ್ಟು ಉಳಿಸು."

ಸಾಕ್ಷಿಯ ದಿನ ತಾಯಿ ಬಂಡಮ್ಮ, ಜ್ಞಾನೇಶ್ವರನ ಹೆಂಡತಿ ಜಗದೇವಿ ಇಬ್ಬರೂ ಕೋರ್ಟಿಗೆ ಬಂದಿದ್ದರು. ಗದ್ದಲದಲ್ಲಿ ಹೊಡೆದವನ ಮುಖ ತನಗೆ ಕಾಣಲಿಲ್ಲವೆಂದು ಖಂಡೆಪ್ಪ ಮರಾಠಿಯಲ್ಲಿ ಹೇಳಿದ. ಜಗದೇವಿ ಎದ್ದು ಹೊರಗೆ ಹೋದಳು.

ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಬಂಡಮ್ಮ ಮಗನ ದಾರಿಗೆ ಅಡ್ಡ ನಿಂತಳು.

"ಒಳಗ ಏನಂದಿ? ನನಗ ಕನ್ನಡದಾಗ ಹೇಳು."

"ಅವ್ವಾ, ಮನಿಗಿ ಹೋಗಿ ಮಾತಾಡಮು."

"ಇಲ್ಲೇ ಹೇಳು."

ಅವನು ಪಕ್ಕಕ್ಕೆ ಸರಿದು ನಡೆದುಬಿಟ್ಟ. ಅಂದಿನಿಂದ ಅವಳು ಜಗದೇವಿಯ ಮನೆಯಲ್ಲೇ ಉಳಿದಳು. ಧನರಾಜ ಬಿಡುಗಡೆಯಾದ. ಖಂಡೆಪ್ಪ ಸಭಾಪತಿಯಾದ, ಸರಕಾರಿ ಗಾಡಿ ಬಂತು. ಅವನು ಊರಿಗೆ ನೀರಿನ ಟಾಕಿ ಕಟ್ಟಿಸಿದ, ಬೀರಪ್ಪನ ಗುಡಿಗೆ ರಸ್ತೆ ಹಾಕಿಸಿದ. ಜನ ಆ ನೀರು ಕುಡಿದರು, ಆ ರಸ್ತೆಯಲ್ಲಿ ನಡೆದರು. ಆದರೆ ಅವನು ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಕೊನೆಗೆ ಹೆಂಡತಿ ಮಕ್ಕಳೊಂದಿಗೆ ಉದಗೀರಕ್ಕೆ ಹೋಗಿ ನೆಲೆಸಿದ.

ಎರಡೂವರೆ ವರ್ಷದ ಅವಧಿ ಮುಗಿದು ಖುರ್ಚಿ ಬೇರೆಯವರ ಪಾಲಾಯಿತು. ೨೦೨೨ರಲ್ಲಿ ಸದಸ್ಯತ್ವವೂ ಮುಗಿಯಿತು. ಮುಂದಿನ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಜಿಲ್ಲಾ ಪರಿಷತ್ತಿನ ಟಿಕೆಟ್ ಕೊಡುವೆನೆಂದಿದ್ದ ಉಮಾಕಾಂತ ಫೋನು ಎತ್ತುವುದನ್ನು ಬಿಟ್ಟ. ಉದಗೀರದಲ್ಲಿ ಖಂಡೆಪ್ಪ ದಿನಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಾಳಿನ ಮಾರುಕಟ್ಟೆ ಮೊಂಢಾದ ಅಡತಿ ಅಂಗಡಿಯಲ್ಲಿ ಕೂರುತ್ತಿದ್ದ. ತೊಗರಿ ಮಾರಲು ಬಂದವರಲ್ಲಿ ಯಾರಾದರೂ "ಸಭಾಪತಿ" ಎಂದು ಕರೆದರೆ ಅವರಿಗೆ ಚಹಾ ತರಿಸುತ್ತಿದ್ದ.

ಕಳೆದ ವರ್ಷ ಬಂಡಮ್ಮ ಸತ್ತಳು. ಸುದ್ದಿ ತಿಳಿದು ಅವನು ಊರಿಗೆ ಬಂದಾಗ ಜಗದೇವಿ ಬಾಗಿಲಲ್ಲಿದ್ದಳು. ಅಳುತ್ತಿರಲಿಲ್ಲ.

"ಮುಖ ನೋಡ್ರಿ ಭಾವಾ. ಹೆಗಲು ಕೊಡಾದು ಬ್ಯಾಡ. ಅತ್ತಿ ಹೇಳಿ ಸತ್ತಾಳ."

"ನನ್ನ ಬಗ್ಗಿ ಮತ್ತೇನರೆ ಅಂದಳಾ?"

"ಇಲ್ಲ."

ಅವನು ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಟ್ಟು, ಹೊಲದವರೆಗೆ ನಡೆದ. ಜ್ಞಾನೇಶ್ವರನ ಗೋರಿಯ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು. ಮಂದಿಯೆಲ್ಲ ಹೋದ ಮೇಲೆ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿದ.